ನಂಜುಂಡೇಶನ ಪೊದು

ನಂಜುಂಡೇಶನನ್ನು ನಾನು ಮೊದಲು ನೋಡಿದ್ದು ಅವನು ಕೊಪ್ಪರಿಗೆ ಕೇಳಲು ಬಂದ ದಿನ. ಹೆಲ್ಮೆಟ್ಟನ್ನು ತೆಗೆಯದೆ ಬಾಗಿಲಲ್ಲಿ ನಿಂತು ಏನೋ ಹೇಳಿದ. ಮಾತು ಹೊರಗೆ ಬರಲಿಲ್ಲ. ಕೊರಿಯರ್‌ನವನು ಎಂದುಕೊಂಡು ನಾನು ಸಹಿ ಹಾಕಲು ಕೈ ನೀಡಿದೆ. ಆಗ ಹೆಲ್ಮೆಟ್ ತೆಗೆದು, ತಾನು ಮಸಿನಗುಡಿಯವನೆಂದೂ, ನಮ್ಮವರೇ ಎಂದೂ, ಪಕ್ಕದ ಬೀದಿಗೆ ಬಾಡಿಗೆಗೆ ಬಂದಿರುವುದಾಗಿಯೂ, ಹಾಲು ಉಕ್ಕಿಸುವ ದಿನ ಊಟಕ್ಕೆ ಜನ ಬರುವುದರಿಂದ ದೊಡ್ಡ ಪಾತ್ರೆ ಬೇಕೆಂದೂ ಹೇಳಿದ. ಮೂವತ್ತು ದಾಟಿದ ಗಂಡಸು. ಗುಂಡು ಮುಖ. ಮಾತಾಡುವಾಗ ಎದುರಿನವರನ್ನು ಬಿಟ್ಟು ಗೋಡೆಯನ್ನು ನೋಡುವ ಅಭ್ಯಾಸ.

ಗುಂಡ್ಲುಪೇಟೆ ಕಡೆಯಿಂದ ಬಂದು ಗೂಡಲೂರಿನಲ್ಲಿ ನೆಲೆ ನಿಂತ ನಮ್ಮವರ ಮನೆಗಳು ಕೆಲವಿವೆ. ಮದುವೆ, ನಾಮಕರಣ, ತಿಥಿ ಏನೇ ಇರಲಿ, ಅಡುಗೆಗೆ ಬೇಕಾದ ಕೊಪ್ಪರಿಗೆ, ಹಂಡೆ, ಸೌಟುಗಳನ್ನು ಎಲ್ಲರೂ ಸೇರಿ ಕೊಂಡು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಇಟ್ಟಿದ್ದಾರೆ. ನನ್ನ ಯಜಮಾನರು ಇರುವಾಗ ಅವರು ನೋಡಿಕೊಳ್ಳುತ್ತಿದ್ದರು. ಅವರು ಹೋದ ಮೇಲೆ ನಾನು.

ನಂಜುಂಡೇಶ ಆ ಕೋಣೆಯಲ್ಲಿ ನಿಂತು ನೋಡಿದ್ದೇ ನೋಡಿದ್ದು. ಎಲ್ಲರಿಗೂ ಸೇರಿ ಇಷ್ಟೇನಾ, ಒಂದೇ ದಿನ ಎರಡು ಮನೆಯವರು ಕೇಳಿದರೆ ಏನು ಮಾಡುತ್ತೀರಿ, ಯಾರಾದರೂ ನೆಗ್ಗಿಸಿದರೆ ಯಾರು ತಟ್ಟಿಸುತ್ತಾರೆ ಎಂದು ಕೇಳುತ್ತಲೇ ಹೋದ.

"ದೊಡ್ಡವ್ವ, ಯಾರೂ ಅವರವರ ಮನೆಗೆ ಬ್ಯಾರೆ ಕೊಪ್ಪರಿಗೆ ತಗಳಕ್ಕಿಲ್ವಾ?" ಎಂದ.

"ಮನೆಗೊಂದು ಕೊಪ್ಪರಿಗೆ ತಗಂಡು ಎಲ್ಲಿ ಮಡಗ್ತಾರೆ, ಮಂಚದ ಮೇಲಾ?" ಎಂದೆ.

ಅವನು ನಗಲಿಲ್ಲ. ಗೋಡೆ ನೋಡಿಕೊಂಡು ತಲೆದೂಗಿದ.

ಊಟವಾದ ಮಾರನೆಯ ದಿನ ಕೊಪ್ಪರಿಗೆಯನ್ನು ಆಟೋದಲ್ಲಿ ತಂದ. ಹುಣಿಸೆಹಣ್ಣು ಹಾಕಿ ಉಜ್ಜಿ, ಮುಖ ಕಾಣುವಂತೆ ಮಾಡಿದ್ದ. ನಾನು ಬಾಗಿಲಿಗೆ ಅಡ್ಡ ನಿಂತೆ. ಸರಿಯಾಗಿ ಉಜ್ಜಿಲ್ಲವೇ ಎಂದು ಗಾಬರಿಯಾದ.

"ಉಜ್ಜಿದ್ದೀಯ ಕನಪ್ಪ. ಬರೀ ಪಾತ್ರೆ ತಂದಿದ್ದೀಯಲ್ಲ, ಒಳಕ್ಕೆ ಹೆಂಗೆ ತಗಳ್ಲಿ?"

ತೆಗೆದುಕೊಂಡು ಹೋದ ಪಾತ್ರೆಯನ್ನು ನಮ್ಮಲ್ಲಿ ಬರಿದಾಗಿ ತರುವುದಿಲ್ಲ. ಒಂದು ಹಿಡಿ ಅಕ್ಕಿ, ಒಂದು ತುಂಡು ಬೆಲ್ಲ ಹಾಕಿ ತರುತ್ತೇವೆ. ಅವನ ಮನೆಯಲ್ಲೂ ಈ ಪದ್ಧತಿ ಇದ್ದೇ ಇರಬೇಕು, ಆದರೆ ಅದು ಹೆಂಗಸರ ಕೈಯಲ್ಲಿ ನಡೆಯುವ ಕೆಲಸ, ಅವನಿಗೆ ಗೊತ್ತಿರಲಿಲ್ಲ. ಅದೇ ಆಟೋದಲ್ಲಿ ಓಡಿ ಹೋಗಿ, ಒಂದು ಪಡಿ ಅಕ್ಕಿ, ಅಚ್ಚು ಒಡೆಯದ ಬೆಲ್ಲ ತಂದು ಸುರಿದ. ಯಾಕೆ ಹೀಗೆ ಎಂದು ಕೇಳಿದ. ಎಲ್ಲರದ್ದನ್ನು ನಮ್ಮ ಕೆಲಸಕ್ಕೆ ಬಳಸಿಕೊಂಡ ಮೇಲೆ ಬರಿಗೈಯಲ್ಲಿ ತಂದಿಡಲು ಮನಸ್ಸು ಬರುತ್ತದೆಯೇ ಎಂದೆ. ಇದು ಬಹಳ ಚೆನ್ನಾಗಿದೆ, ಬಹಳ ಚೆನ್ನಾಗಿದೆ ಎನ್ನುತ್ತಾ, ಆಟೋದಲ್ಲೂ ತಲೆಗೆ ಹಾಕಿಕೊಂಡು ಬಂದಿದ್ದ ಹೆಲ್ಮೆಟ್ಟನ್ನು ಮರೆತು ಬಿಟ್ಟು ಹೋದ.

ಹೆಲ್ಮೆಟ್ ತೆಗೆದುಕೊಳ್ಳಲು ಬಂದವನು ನಮ್ಮ ಮಹಡಿಯ ಕೋಣೆಯನ್ನು ಆಫೀಸು ಮಾಡಿಕೊಳ್ಳಲು ಬಾಡಿಗೆಗೆ ಕೇಳಿದ, ಕೊಟ್ಟೆ. ನಮ್ಮ ಮನೆಗೆ ಆಸ್ಪತ್ರೆಯ ಲೈನಿನಿಂದ ಕರೆಂಟು ಬರುತ್ತದೆ, ಅಷ್ಟಾಗಿ ಹೋಗುವುದಿಲ್ಲ. ಅವನ ಕೆಲಸ ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದು. ಜೊತೆಗೆ ಇನ್ನಿಬ್ಬರು. ಕಲೈಸೆಲ್ವಿ ಗೂಡಲೂರಿನವಳೇ, ತಮಿಳು ಹುಡುಗಿ, ಚುರುಕು ಬಾಯಿ, ದಿನಾ ಬರುತ್ತಾಳೆ, ನನ್ನನ್ನು ಅವಳ ಭಾಷೆಯಲ್ಲಿ ಪಾಟಿ, ಅಂದರೆ ಅಜ್ಜಿ, ಎನ್ನುತ್ತಾಳೆ. ಗೋಪಾಲನ್ ಪಂದಲೂರಿನ ಮಲಯಾಳಿ, ಮನೆಯಲ್ಲೇ ಕೂತು ಬರೆಯುತ್ತಾನೆ, ವಾರಕ್ಕೊಮ್ಮೆ ಬಂದು ಚಹಾ ಕುಡಿದು ಹೋಗುತ್ತಾನೆ. ಬೊಕ್ಕಾಪುರದ ರೆಸಾರ್ಟಿಗೆ ರೂಮು ಕಾದಿರಿಸುವ ಪ್ರೋಗ್ರಾಂ ಗೋಪಾಲನದು. ಬಜಾರಿನ ಬೇಕರಿಗೆ ಬಿಲ್ಲು ಹಾಕುವುದು ಕಲೈಸೆಲ್ವಿಯದು. ಚಹಾ ಫ್ಯಾಕ್ಟರಿಗಳಿಗೆ ಎಲೆ ತೂಗಿ ಚೀಟಿ ಕೊಡುವುದು ನಂಜುಂಡೇಶನದು.

ನಂಜುಂಡೇಶನ ಸ್ವಭಾವ ಏನೆಂದರೆ, ಒಂದೇ ವಸ್ತು ಎರಡು ಕಡೆ ಇರುವುದನ್ನು ಕಂಡರೆ ಅವನಿಗೆ ಸಹಿಸಲು ಆಗುವುದಿಲ್ಲ. ಅವನ ಹೆಂಡತಿ ಶಾಂತಲಾ ನನ್ನ ಬಳಿ ಬಂದು ಇದನ್ನೇ ಹೇಳಿಕೊಳ್ಳುತ್ತಿದ್ದಳು. ಅಡುಗೆಮನೆಯಲ್ಲೊಂದು, ದೇವರ ಮನೆಯಲ್ಲೊಂದು, ಬಚ್ಚಲ ಒಲೆಯ ಬಳಿ ಒಂದು ಬೆಂಕಿಪೊಟ್ಟಣ ಇದ್ದದ್ದನ್ನು ಅವನು ಒಟ್ಟು ಮಾಡಿ ನಡುಮನೆಯ ಗೂಡಿನಲ್ಲಿ ಇಟ್ಟನಂತೆ. ಮೂರು ಕಡೆ ಇದ್ದರೆ ಯಾವುದರಲ್ಲಿ ಕಡ್ಡಿ ಮುಗಿದಿದೆ ಎಂದು ಯಾರಿಗೂ ತಿಳಿಯುವುದಿಲ್ಲ, ಒಂದು ಕಡೆ ಇದ್ದರೆ ಎಲ್ಲರಿಗೂ ತಿಳಿಯುತ್ತದೆ ಎಂಬುದು ಅವನ ವಾದ. ಶಾಂತಲಾ ಒಲೆ ಹಚ್ಚಲು ನಡುಮನೆಗೆ ಹೋಗಿ ಬರಬೇಕು. ಸೊಂಟದಲ್ಲಿ ಬೆಂಕಿಪೊಟ್ಟಣ ಸಿಕ್ಕಿಸಿಕೊಂಡು ತಿರುಗಲು ಶುರು ಮಾಡಿದಳು. ಅದನ್ನು ಕಂಡು ಅವನು, ನೋಡು, ಈಗ ನಿಜವಾಗಿ ಒಂದೇ ಆಯಿತು ಎಂದು ಸಂತೋಷಪಟ್ಟನಂತೆ.

"ನನ್ನನ್ನ ಕಟ್ಕಂಡದ್ದೂ ಅದಕ್ಕೇಯ ದೊಡ್ಡವ್ವ," ಎಂದಳು ಶಾಂತಲಾ. "ಇಬ್ಬರು ಹೆಣ್ಣು ನೋಡುದ್ರೆ ಎರಡು ಕಡೆ ಕಾಫಿ ಕುಡೀಬೇಕಾಯ್ತದೆ ಅಂತ ಮೊದಲನೇ ಮನೇಲೇ ಊಂ ಅಂದ್ಬುಟ್ರು."

ಅವರ ಕಸುಬಿನ ವಿಷಯ ನಾನು ಕೇಳಿ ಕೇಳಿ ತಿಳಿದುಕೊಂಡದ್ದು ಇಷ್ಟು. ಇವರು ಬರೆದದ್ದು ಬರೆದ ಹಾಗೇ ಓಡುವುದಿಲ್ಲ. ಅದರ ಭಾಗಗಳನ್ನು ಯಂತ್ರ ಜೋಡಿಸಬೇಕು, ಪರೀಕ್ಷೆ ಮಾಡಬೇಕು, ಮೂಟೆ ಕಟ್ಟಿ ಹೊರಗೆ ಕೊಡಬೇಕು. ಅದಕ್ಕೆ ಬಿಲ್ಡ್ ಎನ್ನುತ್ತಾರೆ. ಹೇಗೆ ಜೋಡಿಸಬೇಕು, ಏನೇನು ಪರೀಕ್ಷೆ ಮಾಡಬೇಕು, ಏನು ಕಡಿಮೆಯಾದರೆ ನಿಲ್ಲಿಸಬೇಕು ಎಂದು ಯಂತ್ರಕ್ಕೆ ಮೊದಲೇ ಬರೆದಿಡಬೇಕು. ಅದು ಸೆಟ್ಟಿಂಗು. ಮೂವರ ಎಲ್ಲ ಪ್ರೋಗ್ರಾಮಿಗೂ ಈ ಸೆಟ್ಟಿಂಗು ಹೆಚ್ಚುಕಡಿಮೆ ಒಂದೇ. ಆದರೂ ಒಂದೊಂದರಲ್ಲೂ ಬೇರೆ ಬೇರೆ ನಕಲು. ಒಂದು ಮಾತು ಬದಲಾಯಿಸಬೇಕಾದರೆ ಎಲ್ಲ ನಕಲುಗಳಲ್ಲೂ ಬದಲಾಯಿಸಬೇಕು, ಒಂದರಲ್ಲಿ ಮರೆತರೆ ಅದು ಅಲ್ಲೇ ಮುಷ್ಕರ ಹೂಡುತ್ತದೆ.

ಬೆಂಕಿಪೊಟ್ಟಣವನ್ನೇ ಬಿಡದವನು ಇದನ್ನು ಬಿಡುತ್ತಾನೆಯೇ? ಎಲ್ಲ ನಕಲುಗಳನ್ನೂ ತೆಗೆದು, ಸೆಟ್ಟಿಂಗನ್ನು ಒಂದೇ ಕಡೆ ಇಟ್ಟ. ಯಾವ ಪ್ರೋಗ್ರಾಂ ಕಟ್ಟುವುದಿದ್ದರೂ ಅದು ಅಲ್ಲಿಗೆ ಹೋಗಿ ಕೇಳಿಕೊಂಡು ಬರುವಂತೆ ಮಾಡಿದ. ಅದಕ್ಕೆ ಕಲೈಸೆಲ್ವಿ ಪೊದು ಎಂದು ಹೆಸರಿಟ್ಟಳು. ತಮಿಳಿನಲ್ಲಿ ಪೊದು ಎಂದರೆ ಎಲ್ಲರಿಗೂ ಸೇರಿದ್ದು. ಆ ದಿನ ನಂಜುಂಡೇಶ ಇಬ್ಬರನ್ನೂ ಕೂರಿಸಿ ಮೈಸೂರುಪಾಕು ಕೊಟ್ಟು ಭಾಷಣ ಮಾಡಿದ. ಚಹಾ ಕೊಡಲು ಹೋದ ನಾನೂ ಕೇಳಿಸಿಕೊಂಡೆ.

"ದೊಡ್ಡವ್ವನ ಕೊಪ್ಪರಿಗೆ ಇದ್ದಂಗೆ ಅಂತ ತಿಳ್ಕಳಿ. ಎಲ್ರೂ ತಗಳಿ. ಬರಿಗೈಲಿ ಮಾತ್ರ ತಂದು ಮಡಗ್ಬೇಡಿ."

ಅವನು ಹೇಳಿದ್ದರ ಅರ್ಥ, ಅದರಲ್ಲಿ ಏನಾದರೂ ತೂತು ಕಂಡರೆ ಮುಚ್ಚಿ, ಎಲ್ಲರಿಗೂ ಅನುಕೂಲವಾಗಲಿ ಎಂದು. ಅವನು ಅದನ್ನು ಬಿಡಿಸಿ ಹೇಳಲಿಲ್ಲ. ಅವರಿಬ್ಬರೂ ಮರ್ಯಾದಸ್ಥರ ಮಕ್ಕಳು. ಪೊದುವಿನಿಂದ ತೆಗೆದುಕೊಂಡಾಗಲೆಲ್ಲ ಏನಾದರೊಂದನ್ನು ಅದರಲ್ಲಿ ಹಾಕಲು ಶುರು ಮಾಡಿದರು. ಗೋಪಾಲನ್ ತನ್ನ ರೆಸಾರ್ಟಿಗೆಂದು ಬರೆದುಕೊಂಡ ಒಂದು ನಿಯಮವನ್ನು ಹಾಕಿದ. ಕಲೈಸೆಲ್ವಿ ಬೇಕರಿಯದನ್ನು ಹಾಕಿದಳು. ಹಾಕಿದಾಗಲೆಲ್ಲ ನಂಜುಂಡೇಶ ಅದರ ಕೆಳಗೆ ಬಹಳ ಉಪಕಾರವಾಯಿತು ಎಂದು ಬರೆಯುತ್ತಿದ್ದ. ತಾನು ಯಜಮಾನನಾಗಿ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ ಎಂದು, ಹಸಿ ಎಲೆಯ ತೂಕದಲ್ಲಿ ನೀರಿನ ಅಂಶವನ್ನು ಕಳೆಯುವ ತನ್ನ ನಿಯಮವನ್ನೂ ಅದರೊಳಗೆ ಹಾಕಿದ. ಪೊದುವಿಗೆ ಹಾಕಿದ್ದು ಮೂವರ ಎಲ್ಲ ಪ್ರೋಗ್ರಾಮಿಗೂ ಅಂಟಿಕೊಳ್ಳುತ್ತದೆ.

ಮೊದಲ ಗುಟುರು ಬೊಕ್ಕಾಪುರದಿಂದ ಬಂತು. ರೆಸಾರ್ಟಿನಲ್ಲಿ ಉಳಿದಿದ್ದ ಯಾರೋ ದಂಪತಿಗಳ ಬಿಲ್ಲಿನಲ್ಲಿ, ಊಟ ಇಷ್ಟು, ರೂಮು ಇಷ್ಟು, ಕೆಳಗೆ ನೀರಿನ ಅಂಶದ ಕಡಿತ ಎಂದು ಬಂದಿತ್ತಂತೆ. ಇದೇನೆಂದು ಅವರು ಕೇಳಿದ್ದಕ್ಕೆ, ಅಲ್ಲಿದ್ದವನು ಈಜುಕೊಳಕ್ಕೆ ಇಳಿದವರಿಗೆ ಕೊಡುವ ರಿಯಾಯಿತಿ ಎಂದು ಹೇಳಿ ಪಾರಾದನಂತೆ. ಮರುದಿನ ಎಲ್ಲರೂ ಈಜಲು ಇಳಿದರು. ಗೋಪಾಲನ್ ಈ ಕಥೆಯನ್ನು ಹೇಳಿ ನಕ್ಕನೇ ಹೊರತು, ನಿನ್ನ ನಿಯಮ ತೆಗೆ ಎನ್ನಲಿಲ್ಲ. ಒಬ್ಬರು ವಿಶ್ವಾಸದಿಂದ ಹಾಕಿದ್ದನ್ನು ಎತ್ತಿ ಆಚೆಗೆ ಎಸೆಯಿರಿ ಎಂದು ಹೇಗೆ ಹೇಳುವುದು?

ಆಮೇಲೆ ನಡುವಟ್ಟಂ ಫ್ಯಾಕ್ಟರಿಯ ವಿಷಯ ಬಂತು. ಮೂವರಿಗೂ ತಿಂಗಳು ತಿಂಗಳು ತಪ್ಪದೆ ದುಡ್ಡು ಬರುವ ಕೆಲಸ ಅದೊಂದೇ. ಅಲ್ಲಿಗೆ ಹೊಸ ತೂಕದ ಯಂತ್ರ ಬಂದಿತ್ತು, ಹಳೆಯ ಪ್ರೋಗ್ರಾಂ ಅದಕ್ಕೆ ಆಗುವುದಿಲ್ಲ. ಶುಕ್ರವಾರ ಬೆಳಿಗ್ಗೆ ಎಲೆಯ ಲಾರಿ ಬರುವ ಹೊತ್ತಿಗೆ ಹೊಸದು ಓಡುತ್ತಿರಬೇಕು, ಇಲ್ಲದಿದ್ದರೆ ಕೊಯಮತ್ತೂರಿನ ಕಂಪನಿಗೆ ಕೊಡುತ್ತೇನೆ ಎಂದು ಮ್ಯಾನೇಜರ್ ಹೇಳಿಬಿಟ್ಟಿದ್ದರು. ಆ ಕೆಲಸ ಹೋದರೆ ನಂಜುಂಡೇಶ ಮಹಡಿ ಖಾಲಿ ಮಾಡಿ, ಮಸಿನಗುಡಿಯಲ್ಲಿ ಅಣ್ಣನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗಬೇಕು. ಅಣ್ಣ ಆಗಲೇ ಒಂದು ಸ್ಟೂಲು ತೆಗೆದಿಟ್ಟಿದ್ದಾನೆ ಎಂದು ಶಾಂತಲಾ ಕಣ್ಣು ಒರೆಸಿಕೊಂಡಳು.

ಬುಧವಾರ ಮಧ್ಯಾಹ್ನ ಪ್ರೋಗ್ರಾಂ ಬರೆದು ಮುಗಿಸಿ ಕಟ್ಟಲು ಕೊಟ್ಟರು. ಸ್ವಲ್ಪ ಹೊತ್ತಿಗೆ ಕಲೈಸೆಲ್ವಿ ಕೆಳಗೆ ಬಂದಳು.

"ಪಾಟಿ, ಒಂದು ರೂಮಿನ ಫೋಟೋ ಬೇಕು. ಯಾವ ರೂಮಾದರೂ ಸರಿ."

ಪ್ರತಿ ರೂಮಿನ ಫೋಟೋ ಇಲ್ಲದಿದ್ದರೆ ಕಟ್ಟಬೇಡ ಎಂದು ಗೋಪಾಲನ್ ಪೊದುವಿನಲ್ಲಿ ಬರೆದಿದ್ದನಂತೆ. ಅದಕ್ಕೆ ಎಲೆ ತೂಗುವ ಪ್ರೋಗ್ರಾಂ ರೂಮು ತೋರಿಸಿ ಎಂದು ಕೂತಿತ್ತು. ಅವಳು ಪಾತ್ರೆ ಕೋಣೆಯ ಫೋಟೋ ತೆಗೆದುಕೊಂಡು ಹೋದಳು. ಯಂತ್ರಕ್ಕೆ ಸಮಾಧಾನವಾಗಿ ಮುಂದೆ ಹೋಯಿತು. ಮುಂದೆ ಹೋಗಿ, ಹಸಿ ಎಲೆಯಲ್ಲಿ ಮೊಟ್ಟೆ ಇದೆಯೇ ಇಲ್ಲವೇ ಎಂದು ಕೇಳಿತು. ಇದು ಬೇಕರಿಯ ನಿಯಮ. ಮಾರುವ ಪ್ರತಿ ಪದಾರ್ಥಕ್ಕೂ ಮೊಟ್ಟೆಯ ಗುರುತು ಬೇಕು. ನಂಜುಂಡೇಶ ಗಂಭೀರವಾಗಿ ಮೊಟ್ಟೆ ಇಲ್ಲ ಎಂದು ಉತ್ತರ ಕೊಟ್ಟ. ಬಿಲ್ಡ್ ಆಯಿತು. ಪರೀಕ್ಷೆಗೆ ಒಂದು ಚೀಟಿ ಹೊರಡಿಸಿದರು. ಚೀಟಿಯ ಅಗಲ ಬೇಕರಿಯ ಬಿಲ್ಲಿನ ಅಗಲ. ಎಲೆ ತಂದವರ ಹೆಸರಿತ್ತು, ಊರಿತ್ತು, ಮೊಟ್ಟೆ ಇಲ್ಲ ಎಂಬ ಹಸಿರು ಚುಕ್ಕಿ ಇತ್ತು. ತೂಕ ಇರಲಿಲ್ಲ. ತೂಕ ಕಾಗದದ ಆಚೆಗೆ ಬಿದ್ದು ಹೋಗಿತ್ತು.

ತೂಕವಿಲ್ಲದ ತೂಕದ ಚೀಟಿಯನ್ನು ಹಿಡಿದುಕೊಂಡು ನಂಜುಂಡೇಶ ಮೆಟ್ಟಿಲ ಮೇಲೆ ಕೂತ. ಪೊದುವಿನಲ್ಲಿ ಯಾರು ಯಾರು ಹಾಕಿದ್ದನ್ನು ತೆಗೆಯಬೇಕು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತೆಗೆಯುವುದು ಒಂದು ಕ್ಷಣದ ಕೆಲಸ ಎಂದು ಕಲೈಸೆಲ್ವಿಯೇ ಹೇಳಿದಳು. ಅವನ ಕೈ ಏಳಲಿಲ್ಲ. ಗೋಪಾಲನ್ ಏನಂದುಕೊಂಡಾನು? ಫೋನಿನಲ್ಲಿ ಹೇಳುವ ಮಾತಲ್ಲ, ಮುಖ ನೋಡಿ ಕೇಳಬೇಕು ಎಂದು ಗುರುವಾರ ಬೆಳಿಗ್ಗೆ ಬಸ್ಸು ಹತ್ತಿ ಪಂದಲೂರಿಗೆ ಹೋದ.

ಮಧ್ಯಾಹ್ನ ವಾಪಸ್ಸು ಬಂದ. ಕೈಯಲ್ಲಿ ಒಂದು ಗೊನೆ ನೇಂದ್ರಬಾಳೆ, ಒಂದು ಪೊಟ್ಟಣ ಹಲಸಿನ ಚಿಪ್ಸು. ಅಪ್ಪಣೆ ಸಿಕ್ಕಿತೇ ಎಂದು ಕಲೈಸೆಲ್ವಿ ಕೇಳಿದಳು. ಕೇಳಲಿಲ್ಲ ಎಂದ. ಹೋಗುತ್ತಲೇ ಗೋಪಾಲನ ತಾಯಿ ಎಲೆ ಹಾಕಿದರಂತೆ. ಊಟದ ನಡುವೆ ಕೇಳುವುದು ಸರಿಯಲ್ಲ. ಊಟವಾದ ಮೇಲೆ, ಉಂಡವನು ತಕ್ಷಣ ಕೇಳುವುದು ಇನ್ನೂ ಸರಿಯಲ್ಲ. ಹೊರಡುವಾಗ ಕೇಳೋಣವೆಂದರೆ ಗೊನೆ ಕೈಗೆ ಬಂತು.

"ಅಣ್ಣಾ, ನಾಳೆ ಲಾರಿ ಬಂದಾಗ ಈ ಗೊನೇನ ತೂಕದ ಮೇಲೆ ಇಡೋಣ," ಎಂದಳು ಕಲೈಸೆಲ್ವಿ. "ಮ್ಯಾನೇಜರಿಗೂ ಲಾರಿಯವರಿಗೂ ಆಳಿಗೊಂದು ಬಾಳೆಪ್ಪಳಂ ಕೊಟ್ಟು ಕಳಿಸಿಬಿಡಿ."

ಶಾಂತಲಾ ಬಂದು ಗೊನೆಯನ್ನೂ ಗಂಡನನ್ನೂ ನೋಡಿದಳು. ಅಣ್ಣನ ಅಂಗಡಿಯ ಸ್ಟೂಲಿಗೆ ದಿಂಬು ಹೊಲಿಯಬೇಕೇ ಎಂದಷ್ಟೇ ಕೇಳಿದಳು.

ಆ ಮಾತು ತಾಗಿತು. ನಂಜುಂಡೇಶ ಗೋಡೆಯನ್ನು ನೋಡುತ್ತಾ ಗೊನೆಯನ್ನು ಕೆಳಗಿಟ್ಟು, ಮಹಡಿಗೆ ಹೋದ. ಗೋಪಾಲನದನ್ನು ಮುಟ್ಟಲಿಲ್ಲ. ಕಲೈಸೆಲ್ವಿಯದನ್ನು ಮುಟ್ಟಲಿಲ್ಲ. ನೀರಿನ ಅಂಶ ಕಳೆಯುವ ತನ್ನ ನಿಯಮವನ್ನು ಪೊದುವಿನಿಂದ ತೆಗೆದು, ತನ್ನ ಫ್ಯಾಕ್ಟರಿ ಪ್ರೋಗ್ರಾಮಿನೊಳಗೇ ಇಟ್ಟುಕೊಂಡ. ಆಮೇಲೆ, ನಾನು ಚಹಾ ತೆಗೆದುಕೊಂಡು ಮೇಲೆ ಹೋದ ಹೊತ್ತಿಗೆ, ಗೋಪಾಲನಿಗೆ ಫೋನು ಮಾಡಿ ಸ್ಪೀಕರ್ ಹಾಕಿ, ನನ್ನದನ್ನು ತೆಗೆದಿದ್ದೇನೆ, ನಿನಗೆ ತೊಂದರೆಯಾಗಿದ್ದರೆ ಕ್ಷಮಿಸು ಎಂದ. ಅಷ್ಟೇ. ಬೇರೇನೂ ಕೇಳಲಿಲ್ಲ.

ಆ ಕಡೆಯಿಂದ ಗೋಪಾಲನ್ ಉಸಿರು ಬಿಟ್ಟದ್ದು ನನಗೂ ಕೇಳಿಸಿತು.

"ನಂದೂ ತೆಗೀರಿ ಸಾರೇ," ಎಂದ. "ನಾನೇ ತೆಗೀಬೇಕು ಅಂತಿದ್ದೆ. ನೀವು ಅದರ ಕೆಳಗೆ ಉಪಕಾರ ಅಂತ ಬರೆದುಬಿಟ್ಟಿದ್ದೀರಿ, ಹೇಗೆ ತೆಗೆಯೋದು?"

ಕಲೈಸೆಲ್ವಿ ತನ್ನದನ್ನು ತಾನೇ ತೆಗೆಯುತ್ತೇನೆ ಎಂದಳು. ನೀನು ಬೇಡ, ನಾನು ತೆಗೆಯುತ್ತೇನೆ ಎಂದ ನಂಜುಂಡೇಶ. ಮೂವರಿಗೂ ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಇದೂ ನನ್ನದೇ, ತೆಗೆಯಿರಿ, ಇದನ್ನೂ ತೆಗೆಯಿರಿ, ನಿಮಗೆ ಭಾರ ಬೇಡ ಎಂದು ಉಪಚಾರ ಶುರುವಾಯಿತು. ಬಸ್ಸಿನಲ್ಲಿ ಒಬ್ಬರಿಗೊಬ್ಬರು ಟಿಕೆಟ್ಟು ತೆಗೆಸುವವರ ಹಾಗೆ ಕಿತ್ತಾಡಿಕೊಂಡು ತೆಗೆದರು. ಕೊನೆಗೆ ಬಿಲ್ಡ್ ಕೊಟ್ಟರೆ ಅದು ಎದ್ದೇಳಲೇ ಇಲ್ಲ. ನೋಡಿದರೆ ಪೊದುವಿನಲ್ಲಿ ಅದರ ಹೆಸರು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಮೊದಲ ದಿನ ನಂಜುಂಡೇಶ ಬರೆದಿಟ್ಟಿದ್ದ, ಎಲ್ಲಕ್ಕೂ ಬೇಕಾದ ಸೆಟ್ಟಿಂಗುಗಳೂ ಮರ್ಯಾದೆಯಲ್ಲಿ ಹೊರಟು ಹೋಗಿದ್ದವು.

ಆಮೇಲೆ ಕಲೈಸೆಲ್ವಿ ತಲೆಗೂದಲನ್ನು ಎತ್ತಿ ಕಟ್ಟಿಕೊಂಡು ಮುಂದೆ ಕೂತಳು. ತೆಗೆದದ್ದನ್ನು ಒಂದೊಂದಾಗಿ ಎತ್ತಿ ತೋರಿಸಿ, ಇದು ಎಲ್ಲರಿಗೂ ಬೇಕೋ ಒಬ್ಬರಿಗೋ ಎಂದು ಕೇಳಿದಳು. ಎಲ್ಲರಿಗೂ ಬೇಕಾದದ್ದು ಪೊದುವಿಗೆ ವಾಪಸ್ಸು ಹೋಯಿತು. ಒಬ್ಬರಿಗೆ ಬೇಕಾದದ್ದು ಅವರವರ ಪ್ರೋಗ್ರಾಮಿಗೆ. ನಂಜುಂಡೇಶ ಗೋಪಾಲನಿಗೆ, ಗೋಪಾಲನ್ ನಂಜುಂಡೇಶನಿಗೆ ಬಿಟ್ಟುಕೊಡಲು ಬಾಯಿ ತೆಗೆದಾಗಲೆಲ್ಲ ಅವಳು ಚಿಪ್ಸಿನ ಪೊಟ್ಟಣವನ್ನು ಒಬ್ಬನ ಕೈಗೆ ಕೊಟ್ಟಳು, ಫೋನಿನಲ್ಲಿದ್ದವನಿಗೆ ಸುಮ್ಮನಿರು ಎಂದಳು. ಬಿಲ್ಡ್ ಒಂದೇ ಏಟಿಗೆ ಆಯಿತು. ಚೀಟಿಯಲ್ಲಿ ತೂಕ ಬಂತು.

ಶುಕ್ರವಾರ ನಂಜುಂಡೇಶ ನಡುವಟ್ಟಕ್ಕೆ ಮೊದಲ ಬಸ್ಸಿಗೆ ಹೋದ. ಲಾರಿ ಬಂತು, ಮೂಟೆ ತೂಕದ ಮೇಲೆ ಏರಿತು, ಚೀಟಿ ಹೊರಗೆ ಬಂತು. ಹೆಸರು, ಊರು, ತೂಕ, ನೀರಿನ ಕಡಿತ ಎಲ್ಲ ಸರಿಯಾಗಿತ್ತು. ಆದರೆ ತೂಕದ ಪಕ್ಕದಲ್ಲಿ ಒಂದು ಹಸಿರು ಚುಕ್ಕಿ. ಮೊಟ್ಟೆ ಇಲ್ಲವೆಂದು ಬುಧವಾರ ಇವನು ಕೊಟ್ಟಿದ್ದ ಉತ್ತರ ಫ್ಯಾಕ್ಟರಿ ಪ್ರೋಗ್ರಾಮಿನಲ್ಲೇ ಉಳಿದುಬಿಟ್ಟಿತ್ತು. ಇದೇನು ಎಂದು ಮ್ಯಾನೇಜರ್ ಕೇಳುವ ಮೊದಲೇ, ಎಲೆ ತಂದಿದ್ದ ರೈತರೊಬ್ಬರು ಅದು ಒಳ್ಳೆಯ ಎಲೆಯ ಗುರುತು ಎಂದು ಎಲ್ಲರಿಗೂ ತೋರಿಸಿದರಂತೆ. ಹಿಂದಿದ್ದವರು ತಮ್ಮ ಚೀಟಿಯಲ್ಲೂ ಇದೆಯೇ ಎಂದು ನೋಡಿಕೊಂಡು, ಇರುವುದನ್ನು ಕಂಡು ಸಂತೋಷಪಟ್ಟರಂತೆ. ನಂಜುಂಡೇಶ ಎಲ್ಲವನ್ನೂ ಬಿಡಿಸಿ ಹೇಳಲು ಹೊರಟ. ಮ್ಯಾನೇಜರ್ ಅವನ ಭುಜ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗಿ, ಈ ಚುಕ್ಕಿ ಇರಲಿ, ಕೆಲಸವೂ ನಿಮ್ಮದೇ ಇರಲಿ ಎಂದರಂತೆ.

ಶಾಂತಲಾ ದಿಂಬಿನ ಬಟ್ಟೆಯಲ್ಲಿ ರವಿಕೆ ಹೊಲಿಸಿಕೊಂಡಳು.

ಇದೆಲ್ಲ ಆಗಿ ಮಳೆಗಾಲ ಕಳೆಯಿತು. ಪೊದು ಚೊಕ್ಕಟವಾಗಿದೆ ಎಂದು ನಂಜುಂಡೇಶ ಆಗಾಗ ಹೇಳುತ್ತಿದ್ದ. ಮೊನ್ನೆ ಮಾತ್ರ ಮುಖ ಸಣ್ಣದು ಮಾಡಿಕೊಂಡು ಕೆಳಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಗೋಪಾಲನ್ ಇನ್ನೊಂದು ನಿಯಮ ಬರೆದಿದ್ದಾನಂತೆ. ಬೊಕ್ಕಾಪುರದ ರಸ್ತೆಯಲ್ಲಿ ಆನೆ ನಿಂತಿದೆ ಎಂದು ತಿಳಿಸಿದರೆ, ಆ ದಿನದ ಬಿಲ್ಡನ್ನೇ ನಿಲ್ಲಿಸುವಂಥದ್ದು. ಎಲ್ಲರಿಗೂ ಉಪಯೋಗವಾಗಲಿ ಎಂದು ಪೊದುವಿಗೇ ಹಾಕುತ್ತೇನೆ, ಹಾಕಲೇ ಎಂದು ಕೇಳಿದ್ದಾನೆ. ಬೇಕರಿಗೆ ಆನೆ ಯಾಕೆ ಎಂದು ಕಲೈಸೆಲ್ವಿ ನಂಜುಂಡೇಶನನ್ನು ಕೇಳಿದ್ದಾಳೆ, ಗೋಪಾಲನನ್ನು ಕೇಳಿಲ್ಲ. ಅವಳು ಹೇಳಿದರೆ ಜೋರು ಹುಡುಗಿ ಎಂದಾಗುತ್ತದೆ. ಇವನು ಹೇಳಿದರೆ, ಅವರ ಮನೆಯಲ್ಲಿ ಉಂಡವನು, ಗೊನೆ ತಂದವನು. ಫೋನು ಮಾಡಿದ್ದಾನಂತೆ, ಮಾಡಿ ಗೋಪಾಲನ ತಾಯಿಯ ಆರೋಗ್ಯ ವಿಚಾರಿಸಿ ಇಟ್ಟಿದ್ದಾನಂತೆ. ಇನ್ನು ಮೇಲೆ ಪೊದುವಿಗೆ ಯಾರು ಏನು ಹಾಕುವುದಿದ್ದರೂ ಮೊದಲು ಕೆಳಗೆ ಬಂದು ನನ್ನನ್ನು ಕೇಳಬೇಕು ಎಂದು ಮೂವರೂ ಒಪ್ಪಿದ್ದಾರೆ, ಗೋಪಾಲನೂ ಒಪ್ಪಿದ್ದಾನೆ ಎಂದ.

ನನಗೆ ಅದರ ತಲೆಬುಡ ಏನು ಗೊತ್ತಪ್ಪ ಎಂದೆ.

ಅವನು ಮೊದಲ ಸಲ ಗೋಡೆಯನ್ನು ಬಿಟ್ಟು ನನ್ನ ಮುಖವನ್ನೇ ನೋಡಿದ.

"ನಿಮಗೇನೂ ಗೊತ್ತಾಗದು ಬ್ಯಾಡ ದೊಡ್ಡವ್ವ. ಅವನು ಶನಿವಾರ ಚಾ ಕುಡಿಯಕ್ಕೆ ಬತ್ತಾನೆ. ಪೂರ್ತಿ ಹೇಳಕ್ಕೆ ಬುಡಿ, ಚಾ ಕೊಡಿ, ಆಮೇಲೆ ಬ್ಯಾಡ ಕನಪ್ಪ ಅಂದ್ಬುಡಿ. ನಮ್ಮ ಮೂವರ ಬಾಯಲ್ಲೂ ಅದು ಬತ್ತಾ ಇಲ್ಲ. ನಮ್ಮ ಪರವಾಗಿ ನೀವು ಅಂದ್ಬುಟ್ಟೀರಾ?"